ಬರೆಯದೆ ಬಿಟ್ಟ ಒಂದು ಎಂಟ್ರಿ

ಕಳೆದ ವರ್ಷ ನಾನು ಪ್ರಥಮ ಪಿಯುಸಿಯಲ್ಲಿದ್ದಾಗ ಡಿಸೆಂಬರ್ ಕೊನೆಯ ವಾರದಲ್ಲಿ ನಾನಿಯ ಮನೆಗೆ ಹೋಗಿದ್ದೆ. ಭಟ್ಕಳದಿಂದ ಬಸ್ಸಿನಲ್ಲಿ ಹೊರಟು, ಶರಾವತಿ ಸೇತುವೆ ದಾಟಿ ಹೊನ್ನಾವರದಲ್ಲಿ ಇಳಿದು, ಅಲ್ಲಿಂದ ಗೇರುಸೊಪ್ಪೆ ಕಡೆಯ ಬಸ್ ಹಿಡಿಯಬೇಕು. ಬಸ್ ಇಳಿದ ಮೇಲೂ ಅರ್ಧ ಗಂಟೆ ನಡಿಗೆ. ಮನೆಯ ಹಿಂದೆ ಕೊಟ್ಟಿಗೆ, ಕೊಟ್ಟಿಗೆಯ ಹಿಂದೆ ಅಡಿಕೆ ತೋಟ, ತೋಟದ ಹಿಂದೆ ಸೊಪ್ಪಿನ ಬೆಟ್ಟ. ಅಲ್ಲಿ ಮೊಬೈಲ್ ನೆಟ್‌ವರ್ಕ್ ಕೊಟ್ಟಿಗೆಯ ಬಾಗಿಲಲ್ಲಿ ಮಾತ್ರ ಸಿಗುತ್ತದೆ. ಹಾಗಾಗಿ ಬೆಳಿಗ್ಗೆ ಮಾಮು ಹಾಲು ಕರೆಯುವಾಗ ನಾನೂ ಫೋನ್ ಹಿಡಿದುಕೊಂಡು ಅಲ್ಲೇ ನಿಂತಿರುತ್ತಿದ್ದೆ.

ಒಂದು ದಿನ ಬೆಳಿಗ್ಗೆ ತೋಟದ ಅಂಚಿನಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಕೆಂಪು ಮೂತಿಯ ಸಣ್ಣ ಮಂಗ. ಮೈಮೇಲೆ ಗಾಯ ಇರಲಿಲ್ಲ. ಮಾಮು ಸ್ವಲ್ಪ ಹೊತ್ತು ನೋಡುತ್ತಾ ನಿಂತರು. ಆಮೇಲೆ ಒಂದು ಉದ್ದನೆಯ ಕೋಲಿನಿಂದ ಅದನ್ನು ಬೆಟ್ಟದ ಕಡೆ ದೂಡಿ ಒಣ ಎಲೆ ಮುಚ್ಚಿದರು. ವಾಪಸ್ ಬಂದು ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲಿ ಒಂದೇ ಮಾತು ಹೇಳಿದರು: "ಕಿಸಿಕೊ ನಕ್ಕೊ ಬೋಲ್." ಯಾರಿಗೂ ಹೇಳಬೇಡ.

ನಾನು ಯಾರಿಗೂ ಹೇಳಲಿಲ್ಲ. ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿಯೇ.

ಮಾಮು ಕೆಟ್ಟವರಲ್ಲ, ಸುಳ್ಳು ಹೇಳುವವರೂ ಅಲ್ಲ. ಅವರಿಗೆ ಮೂರು ಹಸುಗಳಿವೆ. ಆರೇಳು ಮನೆಗಳಿಗೆ ಹಾಲು ಕೊಡುತ್ತಾರೆ. ಬೇರೆಯವರ ತೋಟದ ಫಸಲನ್ನು ಗುತ್ತಿಗೆ ಹಿಡಿದು ಅಡಿಕೆ ಕೊಯ್ಲು ಮಾಡಿಸುತ್ತಾರೆ. ಡಿಸೆಂಬರ್ ಎಂದರೆ ಕೊಯ್ಲಿನ ಕಾಲ. ಮಂಗ ಸತ್ತ ಸುದ್ದಿ ಹರಡಿದರೆ ಕೊನೆ ಕೊಯ್ಯುವವರು ಬರುವುದಿಲ್ಲ, ಹಾಲು ಕೊಳ್ಳುವವರು ಹಿಂದೆ ಸರಿಯುತ್ತಾರೆ ಎಂಬ ಭಯ ಅವರದು. ಇನ್ನೂ ಒಂದು ಕಾರಣ ಇತ್ತು ಅನ್ನಿಸುತ್ತದೆ. 2020ರ ಕೋವಿಡ್ ದಿನಗಳಲ್ಲಿ ಭಟ್ಕಳದವರು ಎಂದ ಕೂಡಲೇ ಜನ ನಾಲ್ಕು ಹೆಜ್ಜೆ ದೂರ ನಿಲ್ಲುತ್ತಿದ್ದದ್ದು ನಮ್ಮ ಮನೆಯಲ್ಲಿ ಯಾರಿಗೂ ಮರೆತಿಲ್ಲ. ಕಾಯಿಲೆ ಹೋದರೂ ಹೆಸರು ಉಳಿಯುತ್ತದೆ ಎಂದು ಅಬ್ಬಾ ಆಗಾಗ ಹೇಳುತ್ತಿರುತ್ತಾರೆ.

ಜನವರಿ ಎರಡನೇ ವಾರದಲ್ಲಿ ಮಾಮುವಿಗೆ ಜ್ವರ ಬಂತು. ಮೊದಲು ಚಳಿ, ಆಮೇಲೆ ತಲೆ ಒಡೆದುಹೋಗುವಂಥ ನೋವು, ಸೊಂಟ ಮತ್ತು ಕಾಲುಗಳಲ್ಲಿ ಏಳಲಾಗದಷ್ಟು ನೋವು. ನಾನಿ ಕಾಢಾ ಮಾಡಿಕೊಟ್ಟರು. ಹತ್ತಿರದ ಕ್ಲಿನಿಕ್ಕಿನಲ್ಲಿ ವೈರಲ್ ಜ್ವರ ಎಂದು ಮಾತ್ರೆ ಕೊಟ್ಟರು. ನಾಲ್ಕನೇ ದಿನ ಕಣ್ಣು ಕೆಂಪಾಗಿ, ವಾಂತಿ ಶುರುವಾಗಿ, ವಸಡಿನಲ್ಲಿ ರಕ್ತ ಕಾಣಿಸಿತು. ಹೊನ್ನಾವರಕ್ಕೆ ಕರೆದುಕೊಂಡು ಬಂದರು, ಅಲ್ಲಿಂದ ಕುಮಟಾದ ಒಂದು ಆಸ್ಪತ್ರೆಗೆ. ಅಮ್ಮಿಯ ಜೊತೆ ನಾನೂ ಹೋದೆ. ಮಾಮಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ. ಮಾಮುವಿಗೆ ಚೆನ್ನಾಗಿ ಬರುತ್ತದೆ, ಆದರೆ ಅವತ್ತು ಅವರು ಮಾತನಾಡುವ ಸ್ಥಿತಿಯಲ್ಲಿರಲಿಲ್ಲ. ಡಾಕ್ಟರು ಕೇಳಿದ್ದನ್ನು ಉರ್ದುವಿಗೂ ಮನೆಯವರು ಹೇಳಿದ್ದನ್ನು ಕನ್ನಡಕ್ಕೂ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಡಾಕ್ಟರು ಕೇಳಿದರು: "ಇವರು ಕಾಡಿನ ಕಡೆ ಹೋಗ್ತಾರಾ? ಹತ್ತಿರದಲ್ಲಿ ಎಲ್ಲಾದರೂ ಮಂಗ ಸತ್ತಿತ್ತಾ?"

ನಾನು ಅದನ್ನು ಉರ್ದುವಿನಲ್ಲಿ ಕೇಳಿದೆ. ಮಾಮಿಗೆ ವಿಷಯವೇ ಗೊತ್ತಿರಲಿಲ್ಲ. ಮಾಮು ಕಣ್ಣು ಮುಚ್ಚಿಕೊಂಡೇ "ನಹೀ" ಎಂದರು. ನಾನು ಡಾಕ್ಟರ ಕಡೆ ತಿರುಗಿ "ಇಲ್ಲ ಸರ್" ಎಂದೆ. ಅನುವಾದ ಸರಿಯಾಗಿಯೇ ಇತ್ತು. ಆದರೆ ಅದು ಸುಳ್ಳೆಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು, ಆ ಇಬ್ಬರಲ್ಲಿ ನಾನೂ ಒಬ್ಬಳು.

ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಫಜ್ರ್ ನಮಾಜಿನ ನಂತರ ನಾನಿಗೆ ಎಲ್ಲವನ್ನೂ ಹೇಳಿದೆ. ನಾನಿ ಬೈಯಲಿಲ್ಲ. "ಗವಾಹಿ ಮುಚ್ಚಿಡಬಾರದು, ಹೋಗಿ ಹೇಳು" ಎಂದರು. ಡಾಕ್ಟರು ರೌಂಡ್ಸಿಗೆ ಬಂದಾಗ "ಸರ್, ನಿನ್ನೆ ನಾನು ಹೇಳಿದ್ದು ತಪ್ಪು, ಮಂಗ ಸತ್ತಿತ್ತು" ಎಂದೆ. ಅವರೂ ಬೈಯಲಿಲ್ಲ. ಯಾವತ್ತು, ಎಲ್ಲಿ, ಮನೆಯಿಂದ ಎಷ್ಟು ದೂರ ಎಂದು ಕೇಳಿ ಬರೆದುಕೊಂಡರು. ರಕ್ತದ ಮಾದರಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋಯಿತು. ವರದಿ ಪಾಸಿಟಿವ್ ಬಂತು. ಕ್ಯಾಸನೂರು ಅರಣ್ಯ ಕಾಯಿಲೆ, ಅಂದರೆ ನಾವೆಲ್ಲ ಹೇಳುವ ಮಂಗನ ಕಾಯಿಲೆ.

ಅಲ್ಹಮ್ದುಲಿಲ್ಲಾಹ್, ಮಾಮು ಬದುಕಿದರು. ಈ ಕಾಯಿಲೆಗೆಂದೇ ಇರುವ ಔಷಧಿ ಇಲ್ಲ. ನೀರಿನಂಶ ಕಡಿಮೆಯಾಗದಂತೆ, ರಕ್ತಸ್ರಾವ ಆಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಸೋಂಕು ತಗಲಿದವರಲ್ಲಿ ಶೇಕಡಾ 3ರಿಂದ 5 ಮಂದಿ ಸಾಯುತ್ತಾರೆ. ಕೆಲವರಿಗೆ ಜ್ವರ ಇಳಿದ ಮೇಲೆ ಮೂರನೇ ವಾರದಲ್ಲಿ ಮತ್ತೊಮ್ಮೆ ಮರುಕಳಿಸುತ್ತದೆ. ಮಾಮುವಿಗೆ ಹಾಗೂ ಆಯಿತು. ಅವರು ಎದ್ದು ಓಡಾಡುವಷ್ಟರಲ್ಲಿ ಕೊಯ್ಲು ಮುಗಿದಿತ್ತು.

ಅದೇ ಬೆಟ್ಟದಿಂದ ಕೊಟ್ಟಿಗೆಗೆ ಒಣ ಎಲೆ ತರುತ್ತಿದ್ದ ಪಕ್ಕದ ಮನೆಯ ಹೆಂಗಸಿಗೂ ಅದೇ ತಿಂಗಳು ಅದೇ ಜ್ವರ ಬಂತು. ಅವರೂ ಗುಣವಾದರು. ಅವರಿಗೆ ಬಂದದ್ದು ನಾವು ಎಲೆ ಮುಚ್ಚಿದ ಮಂಗದಿಂದಲೇ ಎಂದು ಯಾರೂ ಹೇಳಲಾರರು. ಅಲ್ಲ ಎಂದು ನಾನೂ ಹೇಳಲಾರೆ.

ಈ ವರ್ಷ ಗಣಕ ವಿಜ್ಞಾನದ ಸೆಮಿನಾರಿಗೆ ನಮ್ಮ ಸರ್ ಒಬ್ಬೊಬ್ಬರಿಗೂ ಒಂದೊಂದು ವಿಷಯ ಆರಿಸಿಕೊಳ್ಳಲು ಹೇಳಿದರು. ನಾನು 'ರೋಗ ಪತ್ತೆಯಲ್ಲಿ ಮಷೀನ್ ಲರ್ನಿಂಗ್' ಎಂದು ಬರೆದುಕೊಟ್ಟೆ. ಮೊದಲು ಅಮೆರಿಕ, ಚೀನಾದ ಉದಾಹರಣೆಗಳನ್ನೇ ಹುಡುಕುತ್ತಿದ್ದೆ. ಆಮೇಲೆ ಸುಮ್ಮನೆ ಮಂಗನ ಕಾಯಿಲೆಯ ಹೆಸರು ಹಾಕಿ ನೋಡಿದೆ. ನಮ್ಮ ಬೆಟ್ಟದ ಕಾಯಿಲೆಯ ಮೇಲೂ ಕಂಪ್ಯೂಟರ್ ಕೂರಿಸಿದವರಿದ್ದಾರೆ ಎಂದು ಗೊತ್ತಾಗಿ ಆಶ್ಚರ್ಯವಾಯಿತು.

ಮೊದಲು ಕಾಯಿಲೆ ಹೇಗೆ ಹರಡುತ್ತದೆ ಎಂದು ಚಿಕ್ಕದಾಗಿ ಹೇಳುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದರ ವೈರಸ್ ಪತ್ತೆಯಾಯಿತು. ವೈರಸ್ಸನ್ನು ಹರಡುವುದು ಮಂಗವಲ್ಲ, ಕಾಡಿನ ಉಣ್ಣೆ. ಮಂಗಗಳಿಗೂ ಈ ಕಾಯಿಲೆ ಬರುತ್ತದೆ, ಅವು ಬೇಗ ಸಾಯುತ್ತವೆ. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆಗಳು ಕೆಳಗೆ ಉದುರಿ, ಆ ಜಾಗದಲ್ಲಿ ಓಡಾಡುವ ಪ್ರಾಣಿಗೋ ಮನುಷ್ಯನಿಗೋ ಹತ್ತುತ್ತವೆ. ಡಿಸೆಂಬರಿನಿಂದ ಮೇವರೆಗೆ ಮರಿ ಉಣ್ಣೆಗಳ ಕಾಲ. ಅವು ಎಷ್ಟು ಸಣ್ಣವೆಂದರೆ ಕಚ್ಚಿದರೂ ತಿಳಿಯುವುದಿಲ್ಲ. ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಶುರುವಾಗುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಹಸುವಿನ ಹಾಲಿನಿಂದ ಬಂದ ದಾಖಲೆಯೂ ಇಲ್ಲ. ಅಂದರೆ ಹಾಲಿನ ಬಗ್ಗೆ ಮಾಮುವಿಗಿದ್ದ ಹೆದರಿಕೆಗೆ ಆಧಾರವೇ ಇರಲಿಲ್ಲ. ಆದರೆ ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ಯಂತ್ರದ ವಿಷಯ. ಮಷೀನ್ ಲರ್ನಿಂಗ್ ಎಂದರೆ ಏನು ಎಂದು ಅಮ್ಮಿ ಕೇಳಿದಾಗ ನಾನು ನಮ್ಮ ಬಟ್ಟೆ ಅಂಗಡಿಯ ಉದಾಹರಣೆ ಕೊಟ್ಟೆ. ರಂಜಾನಿಗೆ ಮೊದಲು ಅಬ್ಬಾ ಹಳೆಯ ಬಿಲ್ ಪುಸ್ತಕಗಳನ್ನು ತೆಗೆದು, ಯಾವ ಸೈಜಿನ ಕುರ್ತಾ ಎಷ್ಟು ಹೋಗಿತ್ತು ಎಂದು ನೋಡಿ ಈ ವರ್ಷದ ಆರ್ಡರ್ ಕೊಡುತ್ತಾರೆ. ಯಂತ್ರ ಮಾಡುವುದೂ ಅದನ್ನೇ. ಹಳೆಯ ಲೆಕ್ಕಗಳನ್ನು ಸಾವಿರಾರು ಸಲ ತಿರುವಿ ಹಾಕಿ, ಯಾವುದರ ಹಿಂದೆ ಯಾವುದು ಬಂತು ಎಂದು ಗುರುತಿಸಿ, ಮುಂದೆ ಏನಾಗಬಹುದು ಎಂದು ಅಂದಾಜು ಹೇಳುತ್ತದೆ.

ಮಂಗನ ಕಾಯಿಲೆಯ ಬಗ್ಗೆ ನಾನು ಎರಡು ಅಧ್ಯಯನಗಳನ್ನು ಓದಿದೆ. ಮೊದಲನೆಯದು 2020ರಲ್ಲಿ ಪ್ರಕಟವಾದದ್ದು. ಬ್ರಿಟನ್ನಿನ ಪರಿಸರ ಸಂಶೋಧನಾ ಕೇಂದ್ರ, ಬೆಂಗಳೂರಿನ ಏಟ್ರೀ, ದನಕರುಗಳ ರೋಗದ ಮುನ್ಸೂಚನೆ ಕೊಡುವ ನಿವೇದಿ ಸಂಸ್ಥೆ, ನಮ್ಮ ರಾಜ್ಯದ ಆರೋಗ್ಯ ಇಲಾಖೆ ಮತ್ತು ಇನ್ನೂ ಕೆಲವರು ಸೇರಿ ಶಿವಮೊಗ್ಗ ಜಿಲ್ಲೆಯ ಪ್ರಕರಣಗಳನ್ನು ಹಿಡಿದು ಅಪಾಯದ ನಕ್ಷೆ ಮಾಡಿದರು. ಸರಿಯಾಗಿ ಹೇಳಬೇಕೆಂದರೆ ಅದು ಮಷೀನ್ ಲರ್ನಿಂಗ್ ಅಲ್ಲ, ಸಂಖ್ಯಾಶಾಸ್ತ್ರದ ಮಾದರಿ. ಆದರೂ ಕೆಲಸ ಅದೇ ಜಾತಿಯದು. ದಟ್ಟ ಕಾಡಿನ ಒಳಗಿಗಿಂತ, ಕಾಡು ಮತ್ತು ತೋಟ ಒಂದರೊಳಗೊಂದು ಸೇರಿಕೊಂಡಿರುವ, ನಾಟಿ ಹಸುಗಳು ಹೆಚ್ಚಿರುವ ಕಡೆ ಅಪಾಯ ಜಾಸ್ತಿ ಎಂದು ಅದರಲ್ಲಿ ಕಂಡಿತು. ಅದನ್ನು ಓದುವಾಗ ನನಗೆ ನಾನಿಯ ಮನೆಯ ಹಿತ್ತಿಲೇ ಕಣ್ಣ ಮುಂದೆ ಬಂತು. ಕೊಟ್ಟಿಗೆ, ತೋಟ, ಬೆಟ್ಟ.

ಎರಡನೆಯದು 2023ರದು. ಇದು ನಿಜವಾದ ಮಷೀನ್ ಲರ್ನಿಂಗ್. ತಿಂಗಳಿಗೆ ಎಷ್ಟು ಜನರಿಗೆ ಮಂಗನ ಕಾಯಿಲೆ ಬರಬಹುದು ಎಂದು ಮೊದಲೇ ಹೇಳಲು ಸಂಶೋಧಕರು ಪ್ರಯತ್ನಿಸಿದರು. ಅವರು ಬಳಸಿದ ವಿಧಾನಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಎಕ್ಸ್‌ಜಿಬಿ ಎಂಬುದು. ಅದು 'ಮಳೆ ಇಷ್ಟಕ್ಕಿಂತ ಹೆಚ್ಚೇ? ಬಿಸಿಲು ಇಷ್ಟಕ್ಕಿಂತ ಕಡಿಮೆಯೇ?' ಎಂಬಂಥ ಸಣ್ಣ ಪ್ರಶ್ನೆಗಳ ಸರಪಣಿಗಳನ್ನು ಕಟ್ಟುತ್ತಾ ಹೋಗುತ್ತದೆ. ಮೊದಲ ಸರಪಣಿ ಮಾಡಿದ ತಪ್ಪನ್ನು ಎರಡನೆಯದು ತಿದ್ದುತ್ತದೆ, ಎರಡನೆಯದರ ತಪ್ಪನ್ನು ಮೂರನೆಯದು. ಕಾಯಿಲೆ ಹೊಸದಾಗಿ ಕಾಣಿಸಿಕೊಂಡು ಲೆಕ್ಕ ಕಡಿಮೆ ಇರುವ ಪ್ರದೇಶಗಳಿಗೆ, ಹಳೆಯ ಪ್ರದೇಶಗಳಲ್ಲಿ ಯಂತ್ರ ಕಲಿತದ್ದನ್ನೇ ಎರವಲು ಕೊಟ್ಟು ನೋಡಿದರು. ಅದೂ ಫಲ ಕೊಟ್ಟಿತು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ವಿಷಯ. ಹವಾಮಾನದ ಅಂಕಿಗಳನ್ನು ಮಾತ್ರ ಕೊಟ್ಟಾಗಿನ ಅಂದಾಜಿಗಿಂತ, ಅವುಗಳ ಜೊತೆ ಪತ್ರಿಕಾ ವರದಿಗಳನ್ನೂ ಜನ ಇಂಟರ್ನೆಟ್ಟಿನಲ್ಲಿ ಹುಡುಕಿದ್ದನ್ನೂ ಸೇರಿಸಿದಾಗಿನ ಅಂದಾಜು ಬಹಳ ಉತ್ತಮವಾಗಿತ್ತು. ಅಂದರೆ ಆಕಾಶದಿಂದ ಬಂದ ಲೆಕ್ಕವೊಂದೇ ಸಾಲಲಿಲ್ಲ, ನೆಲದಲ್ಲಿ ನಿಂತವರು ಆಡಿದ ಮಾತೂ ಯಂತ್ರಕ್ಕೆ ಬಹಳ ಸಹಾಯ ಮಾಡಿತು. ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನಲ್ಲಿ ಬರುವ ಸುದ್ದಿಯೂ ಅದಕ್ಕೆ ಪಾಠ.

ಆಗ ನಾನು ಯೋಚಿಸಿದೆ: ನಮ್ಮ ಮಂಗ ಯಾವ ಪಾಠದಲ್ಲಿತ್ತು? ಪತ್ರಿಕೆಯಲ್ಲಿ ಬರಲಿಲ್ಲ. ಇಂಟರ್ನೆಟ್ಟಿನಲ್ಲಿ ಯಾರೂ ಹುಡುಕಲಿಲ್ಲ, ನಾನಿ ಕಾಢಾ ಮಾಡಿದರು. ಆಸ್ಪತ್ರೆಯ ಚೀಟಿಯಲ್ಲಿ ಒಂದು ದಿನದ ಮಟ್ಟಿಗೆ ಅದು 'ಇಲ್ಲ' ಆಗಿತ್ತು. ಆ 'ಇಲ್ಲ' ನಾನು ಹೇಳಿದ್ದು.

ಅಕೌಂಟೆನ್ಸಿ ಓದುವ ಸ್ನೇಹಿತರಿಗೆ ಇದು ಕೂಡಲೇ ಅರ್ಥವಾಗುತ್ತದೆ. ತಾಳೆಪಟ್ಟಿಯ ಪಾಠದಲ್ಲಿ ಲೋಪ ದೋಷದ ಬಗ್ಗೆ ಓದಿದ್ದೇವೆ. ಒಂದು ವ್ಯವಹಾರವನ್ನು ಒಂದೇ ಬದಿಗೆ ಬರೆದರೆ ತಾಳೆಪಟ್ಟಿ ಕೂಡುವುದಿಲ್ಲ, ತಪ್ಪು ಸಿಕ್ಕಿಬೀಳುತ್ತದೆ. ಆದರೆ ವ್ಯವಹಾರವನ್ನು ಪೂರ್ತಿಯಾಗಿ ಬರೆಯದೆಯೇ ಬಿಟ್ಟರೆ? ಡೆಬಿಟ್ಟೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಎರಡೂ ಬದಿ ಸರಿಯಾಗಿ ಕೂಡುತ್ತವೆ. ಎಷ್ಟು ಸಲ ಪರಿಶೀಲಿಸಿದರೂ ತಪ್ಪು ಕಾಣುವುದಿಲ್ಲ. ಯಂತ್ರದ ಕಥೆಯೂ ಹೀಗೇ. ಮಂಗ ಸತ್ತದ್ದು ದಾಖಲಾಗದಿದ್ದರೆ ಯಂತ್ರ ಗೊಂದಲಗೊಳ್ಳುವುದಿಲ್ಲ. ಆ ಜಾಗ ಸುರಕ್ಷಿತ ಎಂದು ಧೈರ್ಯವಾಗಿ ಬಣ್ಣ ಹಚ್ಚುತ್ತದೆ. ನಮ್ಮ ಅಂಗಡಿಯಲ್ಲೂ ಒಮ್ಮೆ ಹೀಗಾಗಿತ್ತು. ಮಕ್ಕಳ ಕುರ್ತಾ ಹೆಚ್ಚಾಗಿ ಉದ್ರಿಯಲ್ಲಿ ಹೋಗಿತ್ತು, ಉದ್ರಿ ಪುಸ್ತಕ ಕಳೆದುಹೋಗಿತ್ತು. ಬಿಲ್ ಪುಸ್ತಕ ನೋಡಿ ಅಬ್ಬಾ ಕಡಿಮೆ ಆರ್ಡರ್ ಕೊಟ್ಟರು. ಈದ್‌ಗೆ ಮೂರು ದಿನ ಇರುವಾಗಲೇ ಸ್ಟಾಕ್ ಖಾಲಿ.

ಹಾಗೆಂದು ಯಂತ್ರಕ್ಕೆ ಹೆಚ್ಚು ಹೆಚ್ಚು ಮಾಹಿತಿ ತುಂಬಿದರೆ ಸಾಕು ಎಂದೂ ಅಲ್ಲ. ಗೂಗಲ್ 2008ರಲ್ಲಿ ಜನರ ಹುಡುಕಾಟ ನೋಡಿಯೇ ಫ್ಲೂ ಜ್ವರದ ಅಂದಾಜು ಹೇಳುವ 'ಗೂಗಲ್ ಫ್ಲೂ ಟ್ರೆಂಡ್ಸ್' ಆರಂಭಿಸಿತ್ತು. ಮೊದಲು ಎಲ್ಲರೂ ಮೆಚ್ಚಿದರು. 2012–13ರ ಚಳಿಗಾಲದಲ್ಲಿ ಅದರ ಅಂದಾಜು ಅಮೆರಿಕದ ವೈದ್ಯರ ಲೆಕ್ಕದ ಸುಮಾರು ಎರಡರಷ್ಟಾಯಿತು. 2015ರಲ್ಲಿ ಅದನ್ನು ನಿಲ್ಲಿಸಿದರು. ಹೆದರಿ ಹುಡುಕುವವರೆಲ್ಲ ರೋಗಿಗಳಲ್ಲ. ರೋಗಿಗಳೆಲ್ಲ ಹುಡುಕುವವರೂ ಅಲ್ಲ. ಕೊನೆಗೆ ಒಬ್ಬ ಮನುಷ್ಯ ನೋಡಿ, ರಕ್ತ ಪರೀಕ್ಷಿಸಿ, ಹೌದು ಅಥವಾ ಅಲ್ಲ ಎಂದು ಬರೆದ ದಾಖಲೆಯೇ ಬೇಕು.

ಘಟ್ಟದ ಮೇಲಿನ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018–19ರಲ್ಲಿ ಈ ಕಾಯಿಲೆಯಿಂದ ಹಲವರು ತೀರಿಕೊಂಡದ್ದನ್ನು ನಮ್ಮ ಜಿಲ್ಲೆಯವರು ಮರೆತಿರಲಿಕ್ಕಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯ ಬಳಕೆ ಈಗ ನಿಂತಿದೆ. ಐಸಿಎಂಆರ್ ಹೊಸ ಲಸಿಕೆಯ ಕೆಲಸ ನಡೆಸುತ್ತಿದೆ. ಅದು ಬರುವವರೆಗೆ ಮುನ್ಸೂಚನೆಯೇ ದೊಡ್ಡ ಆಸರೆ. ಎಲ್ಲಿ ಅಪಾಯ ಎಂದು ಮೊದಲೇ ತಿಳಿದರೆ ಆರೋಗ್ಯ ಕಾರ್ಯಕರ್ತರು ಅಲ್ಲಿಗೆ ಮೊದಲು ಡೇಪಾ ಎಣ್ಣೆ ತಲುಪಿಸಬಹುದು, ಮಂಗ ಸತ್ತ ಜಾಗದ ಸುತ್ತ ಸುಮಾರು 50 ಅಡಿ ಕೀಟನಾಶಕ ಪುಡಿ ಹಾಕಬಹುದು, ಡಾಕ್ಟರು ಜ್ವರ ಕಂಡ ಕೂಡಲೇ ಈ ಕಾಯಿಲೆಯನ್ನು ನೆನೆಯಬಹುದು. ನಾವು ಅವತ್ತೇ ಹೇಳಿದ್ದರೆ ಆ ಪುಡಿ ಹದಿನೈದು ದಿನ ಮೊದಲೇ ಬೀಳುತ್ತಿತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. 1957ರಲ್ಲಿ ಆ ಹಳ್ಳಿಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಆದರೂ ಮಂಗ ಸಾಯುವುದಕ್ಕೂ ಜನರಿಗೆ ಜ್ವರ ಬರುವುದಕ್ಕೂ ಇರುವ ಸಂಬಂಧವನ್ನು ಹಳ್ಳಿಯ ಜನರೇ ಗುರುತಿಸಿ ಅದನ್ನು ಮಂಗನ ಕಾಯಿಲೆ ಎಂದು ಕರೆದಿದ್ದರು. ಆ ಕಣ್ಣು ಈಗಲೂ ಬೇಕು. ಯಂತ್ರಕ್ಕೆ ಕಣ್ಣಿಲ್ಲ, ನಾವು ತೋರಿಸಿದ್ದನ್ನು ಮಾತ್ರ ಅದು ನೋಡುತ್ತದೆ.

ಸ್ನೇಹಿತರೇ, ನಮ್ಮ ಕಾಲೇಜಿನಲ್ಲಿ ಉರ್ದು, ನವಾಯತಿ, ಕೊಂಕಣಿ, ಕನ್ನಡ ಎಲ್ಲ ಮಾತಾಡುವವರಿದ್ದೇವೆ. ಮನೆಯ ಹಿರಿಯರ ಜೊತೆ ಆಸ್ಪತ್ರೆಗೆ ಹೋದರೆ ಡಾಕ್ಟರಿಗೆ ಉತ್ತರ ಹೇಳುವವರು ಹೆಚ್ಚಾಗಿ ನಾವೇ. ಆ ಕೆಲಸವನ್ನು ನಾನು ಒಮ್ಮೆ ಕೆಟ್ಟದಾಗಿ ಮಾಡಿದ್ದೇನೆ, ಆದ್ದರಿಂದ ಹೇಳುತ್ತಿದ್ದೇನೆ. ಜ್ವರ ಬಂದಾಗ ಕಾಡಿಗೆ, ತೋಟಕ್ಕೆ ಹೋಗಿದ್ದನ್ನು ಕೇಳುವ ಮೊದಲೇ ಹೇಳಿ. ಮಂಗ ಸತ್ತದ್ದು ಕಂಡರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ, ಅದೇ ದಿನ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿನ ಕಡೆ ಹೋಗುವ ನೆಂಟರಿದ್ದರೆ ಎಣ್ಣೆ ಹಚ್ಚಿಕೊಂಡು, ಮೈ ತುಂಬ ಬಟ್ಟೆ ಹಾಕಿಕೊಂಡು ಹೋಗಲು, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಲು ಹೇಳಿ. ಹಾಲು ಕೊಡುವವರ ಮನೆಯ ಹತ್ತಿರ ಮಂಗ ಸತ್ತಿತೆಂದು ಹಾಲು ಬಿಡಬೇಡಿ. ನಾವು ಹಾಲು ಬಿಡುತ್ತೇವೆಂಬ ಭಯದಿಂದಲೇ ಅವರು ಎಲೆ ಮುಚ್ಚುತ್ತಾರೆ.

ಈ ಡಿಸೆಂಬರಿನಲ್ಲಿ ಮಾಮು ಫೋನ್ ಮಾಡಿದರು. ಹಳ್ಳದ ಆಚೆ ಒಂದು ಮಂಗ ಸತ್ತಿತ್ತಂತೆ. ಈ ಸಲ ಅವರೇ ಆಶಾ ಕಾರ್ಯಕರ್ತೆಗೆ ತಿಳಿಸಿದರು. ಜನ ಬಂದು ನೋಡಿ, ಮಾದರಿ ತೆಗೆದುಕೊಂಡು, ಪುಡಿ ಹಾಕಿ ಹೋದರು. ವಾರದ ನಂತರ ವರದಿ ನೆಗೆಟಿವ್ ಎಂದು ತಿಳಿಯಿತು.

"ಏನೂ ಇರಲಿಲ್ಲ ಬೇಟಾ. ಸುಮ್ಮನೆ ಎರಡು ದಿನ ಮೂರು ಲೀಟರ್ ಹಾಲು ಉಳಿಯಿತು" ಎಂದರು ಮಾಮು. ಅವರ ದನಿಯಲ್ಲಿ ಸ್ವಲ್ಪ ಬೇಸರ ಇತ್ತು.

ನೆಗೆಟಿವ್ ಕೂಡ ಒಂದು ಎಂಟ್ರಿಯೇ ಎಂದು ನಾನು ಅವರಿಗೆ ಹೇಳಿದೆ. ಕಾಯಿಲೆ ಇದ್ದ ಮಂಗಗಳ ಲೆಕ್ಕ ಮಾತ್ರ ಕೊಟ್ಟರೆ ಯಂತ್ರಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ, ಇಲ್ಲದವುಗಳದ್ದೂ ಬೇಕು ಎಂದೆ. ಮಾಮುವಿಗೆ ಯಂತ್ರದ ಮಾತು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. "ಹಾಗಾದರೆ ಉಳಿದ ಹಾಲನ್ನು ಯಾವ ಖಾತೆಗೆ ಬರೆಯಬೇಕು?" ಎಂದು ಕೇಳಿದರು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇನ್ನೂ ಇಲ್ಲ. ಸತ್ಯ ಹೇಳಿದವನಿಗೆ ಮೂರು ಲೀಟರ್ ಹಾಲಿನ ನಷ್ಟ ಆಗಬಾರದು. ಅದನ್ನು ನೋಡಿಕೊಳ್ಳಬೇಕಾದದ್ದು ಯಂತ್ರವಲ್ಲ, ಹಾಲು ಕೊಳ್ಳುವ ನಾವು.